ಬಾಣಂತಿಗೊಂದು ಶಾರ್ಕ್

ಹೋದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಎರಡು ಮೊಣಕಾಲುಗಳ ನಡುವೆ ಒಂದು ಶಾರ್ಕ್ ಇತ್ತು.

ನಂಬುವುದಿಲ್ಲವೇ? ಪರವಾಗಿಲ್ಲ, ನನಗೂ ಪೂರ್ತಿ ನಂಬಿಕೆಯಿಲ್ಲ. ಹತ್ತು ಗಂಟೆ ಎಂದೆನಲ್ಲ, ನನ್ನ ವಾಚು ಒಂಬತ್ತೂವರೆಗೇ ನೀರು ಕುಡಿದು ನಿಂತಿತ್ತು. ಮೊಣಕಾಲಿನ ವಿಷಯಕ್ಕೆ ಮಾತ್ರ ಸಾಕ್ಷ್ಯ ಇದೆ. ಶಾರ್ಕಿನ ಚರ್ಮ ಬಡಗಿಯ ಸ್ಯಾಂಡ್‌ಪೇಪರಿನ ಹಾಗೆ. ಎರಡೂ ಕಾಲಿಗೆ ಟಿಂಕ್ಚರ್ ಹಚ್ಚಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ.

ಶಾರ್ಕ್ ಎಂದರೆ ಮನುಷ್ಯರನ್ನು ನುಂಗುವಂಥದ್ದು ಎಂದುಕೊಳ್ಳಬೇಡಿ. ಇದು ಒಂದು ಮೊಳ, ಹೆಚ್ಚೆಂದರೆ ಎರಡು. ತುಳುವಿನಲ್ಲಿ ತಾಟೆ. ನೆಲ್ಯಾಡಿಯ ಮಲಯಾಳಿ ಮನೆಗಳಲ್ಲಿ ಪಾಲ್ ಸ್ರಾವ್, ಅಂದರೆ ಹಾಲಿನ ಶಾರ್ಕ್. ಬಾಣಂತಿ ಇದನ್ನು ತಿಂದರೆ ಎದೆಹಾಲು ಉಕ್ಕುತ್ತದಂತೆ.

(ಈ 'ಅಂತೆ' ನನ್ನದು. ಪುತ್ತೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು 'ಅಂತೆ' ಇಲ್ಲದೆ ಬರೆದರೆ ವಿಶ್ವವಿದ್ಯಾನಿಲಯ ಡಿಗ್ರಿ ವಾಪಸು ಕೇಳೀತು.)

ನೆಲ್ಯಾಡಿಯ ಗೆಳೆಯ ಜೋಯಿ ರಬ್ಬರ್ ಬೆಳೆಗಾರ. ಅವನ ಹೆಂಡತಿ ಲಿಲ್ಲಿಗೆ ಎರಡನೆಯ ಹೆರಿಗೆಯಾಗಿ ಹದಿನೆಂಟು ದಿನ. ಜೋಯಿಯ ತಾಯಿಯನ್ನು ನಾವೆಲ್ಲ ಅಮ್ಮಚ್ಚಿ ಎನ್ನುತ್ತೇವೆ. ಅವರ ತೀರ್ಪು ಹೊರಟಿತು: ಸೊಸೆಗೆ ಪಾಲ್ ಸ್ರಾವ್ ಬೇಕು. ಅದೂ ಹಸಿ ಮೀನು. ನೆಲ್ಯಾಡಿ ಪೇಟೆಗೆ ಐಸಿನಲ್ಲಿ ಬರುವುದು ಬೂತಾಯಿ ಮತ್ತು ಬಂಗುಡೆ. ಮಗ ಕಡಲಿಗೇ ಹೋಗಿ ತರುತ್ತಾನೆ ಎಂದು ಅಮ್ಮಚ್ಚಿ ಇಗರ್ಜಿಯ ಅಂಗಳದಲ್ಲಿ ಹತ್ತು ಜನರಿಗೆ ಹೇಳಿಬಿಟ್ಟರು. ಭಾನುವಾರದ ಪೂಜೆ ತಪ್ಪಿಸಲು ಮಗನಿಗೆ ತಾವೇ ರಜೆಯನ್ನೂ ಕೊಟ್ಟರು. ಅಂದರೆ ಬರಿಗೈಯಲ್ಲಿ ಬರುವ ದಾರಿ ಮುಚ್ಚಿತು.

ಇದರಲ್ಲಿ ನಾನೆಲ್ಲಿ ಬಂದೆ? ಮರ್ಕಂಜದ ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೂ ಕೈ ತೊಳೆಯಬೇಕು. (ಅಮ್ಮ, ಈ ವಾರ ನೀನು ಮೂರನೇ ಪುಟದ ಅಡುಗೆ ಅಂಕಣ ಓದು.) ನಾನು ಬಂದದ್ದು ದೋಣಿಯಿಂದಾಗಿ.

ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿ ಒಮ್ಮೆ ಕಯಾಕ್ ಎಂಬ ಎಸ್ಕಿಮೋ ದೋಣಿಯ ಚಿತ್ರ ನೋಡಿದ್ದೆ. ಸಪೂರ, ಹಗುರ, ಮೇಲೆ ಪ್ರಾಣಿಯ ಚರ್ಮ. ಅದನ್ನು ಜೋಯಿಗೆ ವರ್ಣಿಸಿದ್ದೇ ತಪ್ಪಾಯಿತು. ಅವನು ಬೆತ್ತದ ಹಂದರ ಕಟ್ಟಿಸಿ, ಮೇಲೆ ಕ್ಯಾನ್ವಾಸ್ ಬಿಗಿದು, ಚರ್ಮದ ಬದಲಿಗೆ ನಾಲ್ಕು ಕೋಟು ರಬ್ಬರ್ ಹಾಲು ಬಳಿದ. ರಬ್ಬರ್ ಶೀಟಿನ ಜೊತೆಗೇ ಹೊಗೆಮನೆಯಲ್ಲಿ ಒಂದು ವಾರ ತೂಗಿಹಾಕಿದ. ಇಬ್ಬರು ಕೂರುವ ಕಯಾಕ್ ಸಿದ್ಧ. ಬಣ್ಣ ಹಳೇ ಬೆಲ್ಲದ್ದು. ವಾಸನೆಯ ಬಗ್ಗೆ ಬರೆಯುವುದಿಲ್ಲ, ನೀವು ಕಾಫಿ ಕುಡಿಯುತ್ತಿರಬಹುದು. ಇಚಿಲಂಪಾಡಿಯ ಹೊಳೆಯಲ್ಲಿ ಅದು ತೇಲಿತು. ಹೊಳೆಯಲ್ಲಿ ತೇಲಿದ್ದು ಕಡಲಿನಲ್ಲೂ ತೇಲಬೇಕಲ್ಲವೇ?

ಜೀಪಿನ ಮೇಲೆ ಅದನ್ನು ಕಟ್ಟಿಕೊಂಡು ಕಾಸರಗೋಡಿನ ದಿಕ್ಕಿನ ಒಂದು ಸಣ್ಣ ಕೊಲ್ಲಿಗೆ ಹೋದೆವು. ಎರಡೂ ಕಡೆ ಬಂಡೆ, ನಡುವೆ ಮಲಗಿದ ನೀರು. ಮುಂದೆ ಗಾಳ ಹಿಡಿದು ಜೋಯಿ, ಹಿಂದೆ ಹುಟ್ಟು ಹಿಡಿದು ನಾನು. ಬೂತಾಯಿಯ ತುಂಡು ಸಿಕ್ಕಿಸಿದ ಗಾಳ ನೀರಿಗೆ ಬಿದ್ದು ಬಹಳ ಹೊತ್ತಾಗಿರಲಿಲ್ಲ, ದಾರ ಜಗ್ಗಿತು.

"ಮಾಷೆ, ಸ್ರಾವ್! ಹಿಡ್ಕೊಳ್ಳಿ!" ಎಂದವನೇ ಜೋಯಿ ಅದನ್ನು ಹಿಂದಕ್ಕೆ ಎಸೆದ. (ಮಾಷೆ ಎಂದರೆ ಮೇಷ್ಟ್ರು, ಅಂದರೆ ನಾನು.)

"ಎಲ್ಲಿ ಹಿಡಿಯುದು ಮಾರಾಯ?"

"ಹಲ್ಲು ಇಲ್ಲದ ಕಡೆ!"

ಅಷ್ಟರಲ್ಲಿ ಹಲ್ಲು ಇದ್ದ ಕಡೆ ತನ್ನ ಕೆಲಸ ಶುರುಮಾಡಿತ್ತು. ಅದು ಕಚ್ಚಿದ್ದು ನನ್ನನ್ನಲ್ಲ, ಕಯಾಕನ್ನು. ನಾಲ್ಕು ಕೋಟು ರಬ್ಬರ್ ಹರಿದು, ತೊಡೆಯ ಕೆಳಗಿನಿಂದ ನೀರು ಚಿಮ್ಮಿತು. ದೋಣಿಯ ಸುರಕ್ಷತೆಯನ್ನು ಲೆಕ್ಕಹಾಕಿ, ನಾನು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಕಡಲಿಗೆ ಬಿಟ್ಟೆ.

ಇದು ನನ್ನ ನೆನಪು. ಜೋಯಿಯ ನೆನಪಿನಲ್ಲಿ ನಾನು "ಅಮ್ಮಾ" ಎಂದು ಕೂಗಿ, ಮೀನಿನ ಜೊತೆಗೆ ಹುಟ್ಟನ್ನೂ ಎಸೆದೆ. ಹುಟ್ಟನ್ನು ಅವನು ಕೈಯಲ್ಲೇ ನೀರು ತಳ್ಳಿಕೊಂಡು ಹೋಗಿ ಹೆಕ್ಕಿದನಂತೆ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿ ವಕೀಲಿಕೆ ಮಾಡುತ್ತದೆ. ಅದಕ್ಕೇ ಎರಡನ್ನೂ ಬರೆದಿದ್ದೇನೆ, ತೀರ್ಪು ನಿಮ್ಮದು.

ತೂತಿಗೆ ಜೋಯಿ ಜೇಬಿನಿಂದ ಒಟ್ಟುಪಾಲಿನ ಉಂಡೆ ತೆಗೆದು ಗಿಡಿದ. ರಬ್ಬರ್ ಮರದ ಗಾಯದಲ್ಲಿ ಒಣಗಿ ಉಳಿಯುವ ಅಂಟು ಅದು. ರಬ್ಬರಿನವರು ಅದನ್ನು ಏನಕ್ಕೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಇನ್ನು ಮುಂದೆ ಕೇಳುವುದಿಲ್ಲ.

ಎರಡನೆಯದು ಗೇಣುದ್ದ. ಅದು ಗಾಳದಲ್ಲಿ ನೇತಾಡುತ್ತಿದ್ದಾಗ ನಾನು ಉಪನ್ಯಾಸ ಕೊಟ್ಟೆ. ಮೀನಿಗೂ ಹಾಲಿಗೂ ಸಂಬಂಧವಿದೆ ಎಂದು ಯಾರು ಪರೀಕ್ಷಿಸಿದ್ದಾರೆ? ಹಾಲು ಮಗು ಕುಡಿದಷ್ಟೂ ಬರುತ್ತದೆ. ಇದು ಬರೀ ಮರಿ, ಬೆಳೆಯಲಿ, ಬಿಡು.

ಜೋಯಿ ಬಿಟ್ಟ. ಬಿಟ್ಟು ನನ್ನ ಮುಖ ನೋಡಿದ.

"ನಿಮಗೆ ಬಿಡುದು ಸುಲಭ ಮಾಷೆ. ನೀವು ತಿನ್ನುದಿಲ್ಲ, ನಿಮ್ಮ ಮನೆಯಲ್ಲಿ ಅಮ್ಮಚ್ಚಿಯೂ ಇಲ್ಲ. ಇನ್ನೊಂದು ಬಿಡು ಅಂತ ಹೇಳಿದ್ರೆ ನಿಮ್ಮನ್ನೇ ಇಲ್ಲಿ ಬಿಟ್ಟು ಹೋಗುದು."

ನಾನು ಹುಟ್ಟು ಹಾಕತೊಡಗಿದೆ.

ಮೂರನೆಯದು ಎರಡು ಮೊಳ, ದಪ್ಪ. ಜೋಯಿ ಅದನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಹಾಡುತ್ತಾ ದಡಕ್ಕೆ ತಿರುಗಿಸಲು ಹೇಳಿದ. ಸ್ವಲ್ಪ ದೂರ ಹೋದದ್ದೇ ಹಾಡು ನಿಂತಿತು.

"ಮಾಷೆ, ಗೋಣಿಯಲ್ಲಿ ಒಂದಕ್ಕಿಂತ ಜಾಸ್ತಿ ಉಂಟು."

"ಹೇಗೆ ಸಾಧ್ಯ?"

ಗೋಣಿಯ ಬಾಯಿ ಬಿಚ್ಚಿ ನೋಡಿದ. "ಇದು ಹೆತ್ತಿತು."

"ಹೌದು, ಈ ಜಾತಿ ಮೊಟ್ಟೆ ಇಡುವುದಿಲ್ಲ. ಮರಿಗಳು ಗರ್ಭದಲ್ಲೇ..."

"ಅದು ನನಗೆ ಕಾಣ್ತಾ ಉಂಟು ಮಾರಾಯ್ರೆ! ಈಗ ಎಂತ ಮಾಡುದು, ಅದು ಹೇಳಿ!"

ಜೋಯಿಯ ಕಣ್ಣು ತುಂಬಿತ್ತು. ಹದಿನೆಂಟು ದಿನದ ಹಿಂದೆ ಆಸ್ಪತ್ರೆಯ ವರಾಂಡದಲ್ಲಿ ನಾನು ನೋಡಿದ್ದು ಇದೇ ಮುಖ. ಮರಿಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ನೀರಿಗೆ ಇಳಿಸಿದ. ನನ್ನ ಲೆಕ್ಕದಲ್ಲಿ ನಾಲ್ಕು, ಅವನ ಲೆಕ್ಕದಲ್ಲಿ ಆರು. ತಾಯಿಯನ್ನು ಕೊನೆಗೆ ಬಿಟ್ಟ. ಅದು ಬಾಲ ಆಡಿಸುವವರೆಗೂ ನೀರಿನಲ್ಲಿ ಕೈಯ ಮೇಲೆ ಹಿಡಿದುಕೊಂಡಿದ್ದ. "ಬಿಡು" ಎಂದು ಮೊದಲು ಹೇಳಿದ್ದು ನಾನೇ ಎಂದು ನನ್ನ ನೆನಪು. ನಾನು ಹೇಳಿದ್ದು "ಅಮ್ಮಚ್ಚಿಗೆ ಎಂತ ಹೇಳುದು" ಎಂಬುದು ಮಾತ್ರ ಎಂದು ಅವನ ನೆನಪು. ಈ ಬಾರಿ ಅವನದ್ದೇ ಸರಿ ಇರಬೇಕು.

ಆಮೇಲೆ ಗಾಳ ಹಾಕುವ ಮನಸ್ಸು ಇಬ್ಬರಿಗೂ ಬರಲಿಲ್ಲ.

ನೆಲ್ಯಾಡಿಯಲ್ಲಿ ಅಮ್ಮಚ್ಚಿ ತೆಂಗಿನಕಾಯಿ ಅರೆದು, ಮಣ್ಣಿನ ಚಟ್ಟಿ ತೊಳೆದು, ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ಕರೆದು ಕೂರಿಸಿದ್ದರು. ಜೋಯಿ ಖಾಲಿ ಗೋಣಿಯನ್ನು ಮೆಟ್ಟಿಲ ಮೇಲಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದ. ಒಳಕೋಣೆಯಿಂದ ಲಿಲ್ಲಿಯ ನಗು ಕೇಳಿಸಿತು.

"ನನಗೆ ಸ್ರಾವ್ ಬೇಕು ಅಂತ ಹೇಳಿದ್ದು ಯಾರು? ಹಾಲು ಬೇಕಾದಷ್ಟು ಉಂಟು. ನಿಮ್ಮಲ್ಲಿ ಒಬ್ಬರು ಎರಡು ಗಂಟೆ ಮಗುವನ್ನು ಹಿಡ್ಕೊಂಡಿದ್ದರೆ ಸಾಕಿತ್ತು. ನಾನು ನಿದ್ದೆ ಮಾಡ್ತಿದ್ದೆ."

ನಾನು ಪ್ರಮಾಣ ಬೇಕು, ಪರೀಕ್ಷೆ ಬೇಕು ಎಂದು ಕಡಲಿನ ನಡುವೆ ಭಾಷಣ ಮಾಡಿದವನು. ಬಾಣಂತಿಯನ್ನೇ ಒಂದು ಮಾತು ಕೇಳಬಹುದಿತ್ತು ಎಂದು ಹೊಳೆದಿರಲಿಲ್ಲ. ನಮಗೆ ಗಂಡಸರಿಗೆ ಎಸ್ಕಿಮೋ ದೋಣಿ ಕಟ್ಟಲು ಬರುತ್ತದೆ, ಮಗುವನ್ನು ಎತ್ತಿಕೊಳ್ಳಲು ಏಕೆ ಬರುವುದಿಲ್ಲ?

ಅಮ್ಮಚ್ಚಿ ಶಿಲುಬೆಯ ಗುರುತು ಮಾಡಿಕೊಂಡರು. ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಹೆತ್ತ ತಾಯಿಯನ್ನು ಬಿಟ್ಟದ್ದು ಒಳ್ಳೆದಾಯ್ತು," ಎಂದರು. ಆಮೇಲೆ ಮಗನನ್ನೂ ನನ್ನನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಆದರೆ ಮೋನೇ, ಅದರ ಗಂಡನನ್ನು ಹಿಡಿದು ತರಬಹುದಿತ್ತಲ್ಲ? ಅವನಿಂದ ಆ ಮನೆಗೆ ಎಂತ ಉಪಕಾರ ಉಂಟು?"