ವೃತ್ತಗಳ ಗೆರೆ

ತಮಿಳುನಾಡಿನ ಕಂಬಂ ಕಣಿವೆಯ ಅಭಿರಾಮಿಗೆ ಮೂಗಿನ ತುದಿಯಲ್ಲೇ ಕೋಪ. ದ್ರಾಕ್ಷಿ ತೋಟದವರ ಮಗಳು, ದಿಂಡಿಗಲ್ಲಿನ ಕಾಲೇಜಿನಲ್ಲಿ ಗಣಿತದ ಎಂ.ಫಿಲ್. ಮಾಡುತ್ತಿದ್ದಳು. ಮಳೆ ಬಿದ್ದರೆ ಬಾವಿಯ ನೀರು ಎಷ್ಟು ಏರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಅವಳ ಪ್ರಬಂಧ. ಸೂತ್ರ ಮಾರ್ಗದರ್ಶಕ ಗುರುಸಾಮಿಯವರದು. ಅದನ್ನು ಕಣ್ಣು ಮುಚ್ಚಿ ನಂಬಿದವಳು ಇವಳು.

೧೯೯೮ರಲ್ಲಿ ಪರದೆಯ ಮೇಲೆ ಮೂರು ಗೆರೆಗಳು ಮೂಡಿದವು. ನೀಲಿ, ಹಸಿರು ಗೆರೆಗಳು ಊರಿನ ಎರಡು ಬಾವಿಗಳವು, ಕೆಂಪು ಅವಳ ಲೆಕ್ಕದ್ದು. ಜೂನ್ ಮಳೆಗೆ ಮೂರೂ ಒಟ್ಟಿಗೆ ಏರಿದವು. ಅಕ್ಟೋಬರಿನಲ್ಲಿ, ತಮಿಳರ ಐಪ್ಪಸಿ ತಿಂಗಳ ಮಳೆಗೆ ಬಾವಿಗಳು ತುಂಬಿದರೂ ಕೆಂಪು ಗೆರೆ ಮಲಗಿಯೇ ಇತ್ತು. ಜೂನ್ ಮಳೆಗಷ್ಟೇ ಕಟ್ಟಿದ ಸೂತ್ರಕ್ಕೆ ಆ ಮಳೆಯೇ ಗೊತ್ತಿರಲಿಲ್ಲ.

ಕಾಲೇಜಿನ ಪ್ರಿಂಟರಿಗೆ ಕಪ್ಪು ಬಿಟ್ಟು ಬೇರೆ ಬಣ್ಣ ತಿಳಿಯದು. ಹಾಳೆಯಲ್ಲಿ ಮೂರೂ ಕಪ್ಪಾಗಿ, ಯಾವುದು ಬಾವಿ, ಯಾವುದು ಲೆಕ್ಕ ಎಂದು ಹೇಳುವವರೇ ಇಲ್ಲ. ಗುರುಸಾಮಿಯವರ ಮುಖ ಅರಳಿತು. ಅವರೂ ಇವಳಂತೆ ಕಣಿವೆಯ ಕನ್ನಡ ಮಾತಿನ ಜನದವರೇ. ಪಾಠಕ್ಕೆ ತಮಿಳು, ಪುಸಲಾಯಿಸುವುದಕ್ಕೆ ಮನೆಮಾತು.

"ನೋಡು ಕಣ್ಣು, ಪೇಪರೇ ನಮ್ಮ ಮಾನ ಉಳಿಸ್ತು. ಕೆಳಗಿರಾದು ಬತ್ತಿದ ಬಾವಿ ಅಂತ ಓದೋರು ನೆನಸ್ಕತಾರೆ. ನೀ ಬಾಯಿ ಬಿಡಬ್ಯಾಡ."

"ಬಣ್ಣ ಹೋದ್ರೆ ಸುಳ್ಳು ನಿಜ ಆಗಾದಿಲ್ಲೆ ಸಾರ್. ನಾಳೆ ಇದು ತೋಟದೋರ ಕೈಗೆ ಹೋಗ್ತದೆ. ನೀರು ಬರಾದಿಲ್ಲೆ ಅಂತ ನಮ್ಮತ್ತೆ ಬಳ್ಳಿ ಕತ್ತರಿಸದೆ ಬಿಟ್ರೆ, ಹಣ್ಣು ಎಲ್ಲಿಂದ ಬರ್ತದೆ?"

ಅವಳು ಮತ್ತೆ ಲ್ಯಾಬಿಗೆ ಹೋಗಿ ಕುಳಿತಳು. ಬತ್ತಲಗುಂಡಿನ ಹಣ್ಣಿನ ಮಂಡಿಗೆ ಹೋಗುವ ದ್ರಾಕ್ಷಿ ಪೆಟ್ಟಿಗೆಗಳಿಗೆ ತೋಟಕ್ಕೊಂದು ಗುರುತು ಹಾಕುವುದನ್ನು ನೋಡಿ ಬೆಳೆದವಳು, ಉಪಾಯ ಹೊಳೆಯಲು ತಡವಾಗಲಿಲ್ಲ. ಒಂದು ಬಾವಿಗೆ ಗಟ್ಟಿ ಗೆರೆ, ಇನ್ನೊಂದಕ್ಕೆ ಚುಕ್ಕೆಗಳು, ತನ್ನ ಲೆಕ್ಕಕ್ಕೆ ಸಾಲು ವೃತ್ತಗಳು ಎಂದು ಬರೆದು ಮತ್ತೆ ಪ್ರಿಂಟ್ ತೆಗೆದಳು. ಅಕ್ಟೋಬರಿನಲ್ಲಿ ನೆಲ ಹಿಡಿದು ಬಿದ್ದ ವೃತ್ತಗಳು ಈಗ ಯಾರಿಗಾದರೂ ಕಾಣುತ್ತಿದ್ದವು.

"ಇದಕ್ಕೆ ನಾ ಸಹಿ ಹಾಕಾದಿಲ್ಲೆ," ಎಂದರು ಗುರುಸಾಮಿ.

"ಹಾಕಬ್ಯಾಡಿ," ಎಂದಳು ಕಡ್ಡಿ ಮುರಿದಂತೆ.

ಹಾಳೆ ಮಡಿಸಿಕೊಂಡು ಹೊರಗೆ ಬಂದಳು. ಭಯವೂ ಇತ್ತು, ಅದಕ್ಕಿಂತ ಹೆಚ್ಚು ಸಿಟ್ಟು. ಆ ವರ್ಷ ಪದವಿ ಕೈತಪ್ಪಿತು. ಅತ್ತೆ ಜೆಯಲಕ್ಷ್ಮಿ ತಲೆ ಚಚ್ಚಿಕೊಂಡಳು. "ಒಂದು ಗೆರೆಗೋಸ್ಕರ ಇಂಗಾ ಮಾಡಾದು, ತಾಯಿ?"

"ಆ ಗೆರೆ ನಂದು ಅತ್ತೆ. ಬತ್ತಿದ ಬಾವೀದು ಅಂತ ಹೇಳಿಸ್ಕಂಡು ನಾ ಪಾಸಾಗಾದಿಲ್ಲೆ."

ಮರುವರ್ಷ ಬೇರೆ ಮಾರ್ಗದರ್ಶಕರ ಕೈಕೆಳಗೆ ಐಪ್ಪಸಿ ಮಳೆಯನ್ನೂ ಸೇರಿಸಿ ಸೂತ್ರ ತಿದ್ದಿದಳು. ಈ ಸಲ ಲೆಕ್ಕ ಬಾವಿಗಳ ಜೊತೆಗೇ ಏರಿತು. ಹಳೆಯ ಚಿತ್ರ ಇನ್ನೇಕೆ, ತೆಗೆದುಬಿಡು ಎಂದರು ಹೊಸ ಮೇಷ್ಟ್ರು. ತೆಗೆಯಲಿಲ್ಲ.

ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ಗುರುಸಾಮಿ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅಭಿರಾಮಿ ಪ್ರೊಜೆಕ್ಟರಿನ ಮೇಲೆ ಮೊದಲು ಇಟ್ಟದ್ದು ಆ ಹಳೆಯ ಚಿತ್ರವನ್ನೇ. ಬೆರಳನ್ನು ವೃತ್ತಗಳ ಮೇಲಿಟ್ಟು, ಕಣ್ಣನ್ನು ಅವರ ಮೇಲಿಟ್ಟು ಹೇಳಿದಳು: "ನಾನು ತಪ್ಪಿದ್ದು ಇಲ್ಲಿ."