ಕೆರೆಯ ತಳದ ಹುಲ್ಲು

ಹಳೇಬೀಡಿನ ಕೆರೆಯ ತಳದಲ್ಲಿ ಒಂದು ಕಾಲಕ್ಕೆ ರಿಬ್ಬನ್ನಿನಂಥ ಉದ್ದ ಎಲೆಯ ನೀರುಹುಲ್ಲು ಬೆಳೆಯುತ್ತಿತ್ತು. ಹೂಳೆತ್ತಿದ ವರ್ಷ ಅದು ಬೇರುಸಮೇತ ಹೋಯಿತು. ಆಮೇಲೆ ನೀರು ತಿಳಿಯಾಗಲೇ ಇಲ್ಲ. ಅರಸೀಕೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನಗೆ ಅದನ್ನು ಮತ್ತೆ ನೆಡುವ ಹಠ ಹುಟ್ಟಿತು. ಸಹೋದ್ಯೋಗಿಗಳು ನಕ್ಕರು. ನಗದೆ ಕೇಳಿಸಿಕೊಂಡವರು ಬಸ್ತಿಹಳ್ಳಿಯ ಮೀನುಗಾರರೊಬ್ಬರೇ. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು.

ಗಂಡಸಿ ಹತ್ತಿರದ ನೀರಿನ ಕಟ್ಟೆಯೊಂದರಲ್ಲಿ ಆ ಹುಲ್ಲು ಇನ್ನೂ ಇರುವುದನ್ನು ಹುಡುಕಿದವರೂ ಅವರೇ. ಭಾನುವಾರಗಳಂದು ಬಕೆಟ್ಟುಗಳಲ್ಲಿ ತುಂಬಿಕೊಂಡು ಬಸ್ಸು ಬದಲಿಸಿ ತರುತ್ತಿದ್ದೆವು. ನಾನು ದಡದಲ್ಲಿ ಕೂತು ಒಂದೊಂದು ಬುಡವನ್ನೂ ತೆಂಗಿನ ನಾರಿನಲ್ಲಿ ಕಲ್ಲಿಗೆ ಕಟ್ಟಿ ಕೊಡುತ್ತಿದ್ದೆ. ಅವರು ಎದೆಮಟ್ಟದ ನೀರಿಗಿಳಿದು, ಕಾಲ್ಬೆರಳಲ್ಲಿ ಕೆಸರು ಬಗೆದು ಊರುತ್ತಿದ್ದರು. ಮೊದಲ ಸಲದ್ದೆಲ್ಲ ಕೊಳೆಯಿತು. ಎರಡನೆಯ ಸಲದ್ದೂ ಕೊಳೆಯಿತು. ಮೂರನೆಯ ಚಳಿಗಾಲದಲ್ಲಿ ಒಂದು ದಿನ ಅವರು ನನ್ನನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋಗಿ, ನೀರಿನತ್ತ ಕೈ ತೋರಿಸಿದರು. ಅಲ್ಲಲ್ಲಿ ಚಾಪೆಯಗಲದ ಹಸಿರು. ಅಲ್ಲಿನ ನೀರಲ್ಲಿ ಮೀನುಮರಿಗಳ ನೆರಳು ತಳದ ಮೇಲೆ ಓಡುವುದೂ ಕಾಣುತ್ತಿತ್ತು. ನಾನು ಅತ್ತುಬಿಟ್ಟೆ. ಅವರು ಕತ್ತು ಆಚೆ ತಿರುಗಿಸಿಕೊಂಡರು.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಏನೂ ಉಳಿದಿರಲಿಲ್ಲ. ಹರಿದ ಎಲೆಗಳು ದಡಕ್ಕೆ ಬಂದು ಬಿದ್ದಿದ್ದವು. ವಿಚಾರಿಸಿದರೆ, ಮೀನಿನ ಗುತ್ತಿಗೆದಾರ ಹುಲ್ಲುಗೆಂಡೆ ಮರಿಗಳನ್ನು ಬಿಡಿಸಿದ್ದ. ನೀರುಹುಲ್ಲನ್ನೇ ತಿಂದು ಬೆಳೆಯುವ ಮೀನು ಅದು. ಮರಿ ಬಿಟ್ಟ ಕೂಲಿಯಾಳು ಯಾರು ಎಂದು ಕೇಳಿದಾಗ ಬಂದ ಉತ್ತರ: ಅಣ್ಣ.

ನೇರ ಅವರ ಮನೆಗೆ ಹೋದೆ. ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದರು. ಅವರ ಹೆಂಡತಿಯ ಎದುರೇ ಹೇಳಿದೆ:

"ನೀವೇ ನೆಟ್ಟಿದ್ದನ್ನ ನಿಮ್ಮ ಕೈಯಾರೆ ತಿನ್ನಿಸಿಬಿಟ್ರಲ್ಲ, ಅಣ್ಣ."

ಅವರ ಕೈ ನಿಂತಿತು. ನಾನು ಕೂರದೆ ಬಂದೆ.

ನಿಜ ತಿಳಿದದ್ದು ಆಮೇಲೆ. ಬೆರಳುದ್ದದ ಮರಿಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ತಂದು, ಎಲ್ಲ ಹುಲ್ಲು ಮುಟ್ಟದ ಕಾಟ್ಲಾ ಮೀನು ಎಂದೇ ಹೇಳಿ ಗುತ್ತಿಗೆದಾರನ ಕಡೆಯವರು ಅವರ ಕೈಗೆ ಕೊಟ್ಟಿದ್ದರಂತೆ. ಇಂಥದ್ದೊಂದು ಮೀನು ಬಂದರೆ ನಮ್ಮ ಹುಲ್ಲು ಉಳಿಯದು, ಎಚ್ಚರವಾಗಿರಿ ಎಂದು ಮೊದಲೇ ಹೇಳಬೇಕಿದ್ದವಳು ನಾನು. ಮೂರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಇಷ್ಟು ಗೊತ್ತಾದ ಮೇಲೂ ನಾಚಿಕೆಯಿಂದ ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಕಡೆಗೆ ಹೋದಾಗ ಅಣ್ಣ ಹಾಸಿಗೆ ಹಿಡಿದಿದ್ದರು. ನಾನು ಬಂದುಹೋದ ದಿನದಿಂದ ಕೆರೆಗೆ ಇಳಿದಿಲ್ಲ ಎಂದು ಅವರ ಹೆಂಡತಿ ಮೆಲ್ಲಗೆ ಹೇಳಿದರು. ಆಮೇಲೆ ಕಾಮಾಲೆ ಹಿಡಿದಿತ್ತು. ತಪ್ಪು ನನ್ನದು, ನಿಮಗೆ ಗೊತ್ತಿರಲಿಲ್ಲ, ಆ ಮಾತನ್ನು ಮರೆತುಬಿಡಿ ಎಂದು ಬೇಡಿಕೊಂಡೆ.

"ಇಲ್ಲ ಮೇಡಂ, ನೀವು ಹೇಳಿದ್ದು ಸರಿಯಾಗೇ ಐತೆ," ಎಂದರು. "ಚೀಲ ಬಿಚ್ಚಿದ್ದು ನಾನೇ ಅಲ್ವಾ."

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಯುಗಾದಿಗೆ ಮುಂಚೆಯೇ ತೀರಿಕೊಂಡರು.

ಈಗ ನಾನು ನಿವೃತ್ತಳು. ಗಂಡಸಿಯ ಕಟ್ಟೆಯಲ್ಲಿ ಹುಲ್ಲು ಇದೆಯಂತೆ. ನೀರಿಗಿಳಿದು ಊರುವವರೊಬ್ಬರು ಬೇಕು. ಬೇರೆ ಯಾರನ್ನೂ ಕೇಳಲು ನನಗೆ ಇನ್ನೂ ಆಗಿಲ್ಲ.