ಎರಡು ಬಡಿತಕ್ಕೆ ಹೊರಟ ಗಾಡಿ

ಡಿಪೋದಲ್ಲಿ ಅವನನ್ನು ಎಲ್ಲರೂ 'ಗಡಿಯಾರ' ಎಂದೇ ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷ ಒಂದೇ ರೂಟಿನ ಬಸ್ಸು, ಹತ್ತೊಂಬತ್ತು ಸ್ಟಾಪು. ಒಂದು ದಿನವೂ ತಡ ಮಾಡಿದವನಲ್ಲ, ಏದುಸಿರು ಬಿಡುತ್ತ ಓಡಿ ಬರುವವರಿಗಾಗಿ ಕಾದವನೂ ಅಲ್ಲ. ಕಂಡಕ್ಟರು ಬಸ್ಸಿನ ಮೈಗೆ ಒಂದು ಸಲ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೊರಡಬೇಕು. ಅವನಿಗೆ ಅದೇ ವೇದವಾಕ್ಯ. ಮಗಳ ಓದು, ಅವಳ ಮದುವೆ, ಹಾಸಿಗೆ ಹಿಡಿದ ಅವನ ತಾಯಿಯ ಆರೈಕೆ, ಇವೆಲ್ಲ ಹೆಂಡತಿಯ ತಲೆಗೆ.

ಬಂಡೆಗಳ ಅಂಚಿನಲ್ಲಿ ಸಾಗುವ ಸಮುದ್ರದ ದಾರಿಯನ್ನು ನಿಧಾನವಾಗಿ ನೋಡಬೇಕೆಂದು ಅವಳು ಮದುವೆಯಾದ ವರ್ಷವೇ ಹೇಳಿದ್ದಳು. "ಬರೋ ವರ್ಷ" ಎಂದಿದ್ದ. ಆ 'ಬರೋ ವರ್ಷ' ಬರುವಷ್ಟರಲ್ಲಿ ಅವಳ ಮಂಡಿ ಕೈಕೊಟ್ಟಿತ್ತು. ನಿವೃತ್ತನಾದ ಮೇಲೆ ಹಳೆಯ ಮಿನಿಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ ಒಲೆ ಸಿಂಕು ಕೂರಿಸಿ, ಅದನ್ನೇ ಓಡಾಡುವ ಮನೆ ಮಾಡಿದ. ತಪ್ಪಿಗೆ ತಾನೇ ಹಾಕಿಕೊಂಡ ದಂಡ ಅದು.

ಎಲೆ ಉದುರುವ ಕಾಲ ನೋಡಿ ಹೊರಟರು. ಅವಳದು ಒಂದೇ ಷರತ್ತು.

"ರೀ, ದಿನಕ್ಕೆ ನಲವತ್ತೇ ಕಿಲೋಮೀಟರ್. ಗಡಿಯಾರ ಮನೇಲೇ ಇರ್ಲಿ."

"ಯಾವ ಗಡಿಯಾರ?"

"ಕೈಗೆ ಕಟ್ಟೋದು. ಇನ್ನೊಂದನ್ನ ಬಿಟ್ಟು ಬಂದ್ರೆ ಗಾಡಿ ಓಡಿಸೋರು ಯಾರು?"

ನಕ್ಕು ಒಪ್ಪಿಕೊಂಡ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ನಾಲ್ಕನೆಯ ದಿನ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆಯೇ, ಸಂಜೆಯೊಳಗೆ ಎಲ್ಲಿಗೆ ಮುಟ್ಟಬಹುದೆಂದು ನಕ್ಷೆಯಲ್ಲಿ ಲೆಕ್ಕ ಹಾಕುತ್ತ ಕೂತ. ಅವನ ಸೀಟಿಗೂ ಹಿಂದಿನ ಮಂಚಕ್ಕೂ ನಡುವೆ ಒಂದು ಪರದೆ. ಅದರಾಚೆಯಿಂದ ಅವಳು ಏನೋ ಹೇಳಿದಳು. "ಹೂಂ" ಎಂದ. ಬಾಗಿಲು ತೆರೆದು ಮುಚ್ಚಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಅಷ್ಟರಲ್ಲಿ ಗಾಳ ಹಿಡಿದ ಒಬ್ಬ ಮನುಷ್ಯ ಗಾಡಿಗೂ ತಡೆಗೋಡೆಗೂ ನಡುವಿನ ಸಂದಿಯಲ್ಲಿ ನುಸುಳುತ್ತ, ಎಲ್ಲಿ ಗಾಡಿ ಹಿಂದಕ್ಕೆ ಬಂದುಬಿಡುತ್ತದೋ ಎಂದು ಅದರ ಮೈಗೆ ಎರಡು ಸಲ ಬಡಿದ.

ಕಾಲು ತಾನಾಗಿ ಕ್ಲಚ್ ಒತ್ತಿತು, ಕೈ ತಾನಾಗಿ ಗೇರ್ ಹಾಕಿತು. ಗಾಡಿ ಹೊರಟೇಬಿಟ್ಟಿತು.

ಮೂವತ್ತು ಕಿಲೋಮೀಟರ್ ಹೋದ. ದಾರಿಯುದ್ದಕ್ಕೂ ಪರದೆಯ ಕಡೆಗೆ ಮಾತಾಡುತ್ತಲೇ ಇದ್ದ. ಕೊನೆಗೆ ಒಂದು ಕೂಡುರಸ್ತೆಯಲ್ಲಿ ನಿಲ್ಲಿಸಿ, "ಸ್ವಲ್ಪ ಚಹಾ ಕಾಸ್ತೀಯಾ?" ಎಂದು ಪರದೆ ಸರಿಸಿದ. ಖಾಲಿ ಮಂಚ. ಮಡಿಸಿಟ್ಟ ಶಾಲು, ಅದರ ಮೇಲೆ ಅವಳ ಫೋನು. ಆಗ, ಅಷ್ಟು ಹೊತ್ತಾದ ಮೇಲೆ, ಅವಳು ಹೇಳಿದ ಮಾತು ಕಿವಿಗೆ ಬಂತು: "ಆ ಬಂಡೆ ಹತ್ರ ಹೋಗಿ ಬರ್ತೀನಿ, ಇಲ್ಲೇ ಇರಿ."

ಗಾಡಿ ತಿರುಗಿಸಿದ. ಹೇಳಲು ಒಂದೊಂದೇ ಸುಳ್ಳು ಹೊಸೆದ, ಒಂದೂ ನಿಲ್ಲಲಿಲ್ಲ. ಬಿಟ್ಟು ಬಂದದ್ದಾದರೂ ಹಾಳಾಗಲಿ, ಅಭ್ಯಾಸಬಲ ಎನ್ನಬಹುದು. ಇಷ್ಟು ಹೊತ್ತು ಅವಳು ಒಂದು ಮಾತಿಗೂ ಉತ್ತರ ಕೊಡಲಿಲ್ಲ, ಅದು ತನಗೆ ಗೊತ್ತೇ ಆಗಲಿಲ್ಲವಲ್ಲ! ಅದಕ್ಕೆ ಯಾವ ಸುಳ್ಳು? ನಾಚಿಕೆಯಿಂದ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಆಗಲಿಲ್ಲ.

ಅವಳು ತಡೆಗೋಡೆಯ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಗಾಳದವನ ದೊಗಲೆ ಕೋಟು ಅವಳ ಹೆಗಲ ಮೇಲಿತ್ತು. ಅವನೇ ಮೊದಲು ಮಾತಾಡಿದ.

"ಡೀಸೆಲ್ ಸಿಕ್ತಾ ಯಜಮಾನ್ರೇ? ಖಾಲಿಯಾಗ್ತಾ ಬಂದಿತ್ತಂತಲ್ಲ, ಅಮ್ಮಾವ್ರು ಹೇಳಿದ್ರು."

ಪರರ ಮುಂದೆ ಗಂಡನ ಮಾನ ಹೋಗದಿರಲೆಂದು, ಚಳಿಯಲ್ಲಿ ನಡುಗುತ್ತ ಕೂತೇ ಅವಳು ಅವನಿಗೊಂದು ಸುಳ್ಳು ಸಿದ್ಧ ಮಾಡಿಟ್ಟಿದ್ದಳು. "ಸಿಕ್ತು" ಎಂದರೆ ಮುಗಿಯುತ್ತಿತ್ತು.

"ಡೀಸೆಲ್‌ಗೆ ಹೋಗಿರ್ಲಿಲ್ಲಪ್ಪ," ಎಂದ. "ಇವಳನ್ನ ಮರೆತು ಹೋಗ್ಬಿಟ್ಟಿದ್ದೆ."

ಗಾಳದವನು ಎತ್ತ ನೋಡಬೇಕೆಂದು ತಿಳಿಯದೆ ಕೋಟು ಇಸಿದುಕೊಂಡು ಬಂಡೆ ಇಳಿದು ಹೋದ.

"ಎಷ್ಟು ದೂರ ಹೋದ್ಮೇಲೆ ಗೊತ್ತಾಯ್ತು?" ಎಂದಳು.

"ಮೂವತ್ತು ಕಿಲೋಮೀಟರ್."

"ಅಲ್ಲೀವರೆಗೂ ಬಾಯಿ ಮುಚ್ಕೊಂಡಿದ್ರಾ? ನೀವು?"

"ಇಲ್ಲ. ನಿನ್ ಹತ್ರ ಮಾತಾಡ್ತಾನೇ ಇದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. "ಏನಂತ?"

"ಏನೇನೋ. ಸೈಲೆನ್ಸರ್ ತುಕ್ಕು ಹಿಡಿದಿದೆ ಅಂತ. ಮಗಳು ಫೋನ್ ಮಾಡಿಲ್ಲ ಅಂತ." ತಲೆ ತಗ್ಗಿಸಿದ. "ನನ್ ಜೊತೆ ಸುಖವಾಗಿದ್ದೀಯಾ ಅಂತಾನೂ ಕೇಳ್ದೆ."

ನಗು ನಿಂತಿತು. "ಅದಕ್ಕೆ ನಾನೇನಂದೆ?"

"ಏನೂ ಅನ್ಲಿಲ್ಲ. ನೀನು ಹೂಂ ಅಂದೆ ಅಂದ್ಕೊಂಡು ಮುಂದೆ ಹೋದೆ."

ಅವಳು ಮಂಡಿ ಹಿಡಿದುಕೊಂಡು ನಿಧಾನವಾಗಿ ತಡೆಗೋಡೆಯಿಂದ ಇಳಿದಳು. ಅವನು ಕಾದ. ಆಮೇಲೆ ಅವಳು ಇವನತ್ತ ತಿರುಗಿ, "ಈಗ ಕೇಳಿ," ಎಂದಳು.

ಅವನು ಬಾಯಿ ತೆರೆದ. ಅವಳು ಏನನ್ನುವಳೋ ಎಂಬ ಭಯಕ್ಕೆ ಮಾತೇ ಹೊರಡಲಿಲ್ಲ.